ಅಪಘಾತದ ನಂತರ ಚಾಲಕನ ಮನಸ್ಸನ್ನು ನೋಡುವವರು ಯಾರು?

ಬಸ್ ಅಪಘಾತವಾದರೆ ಪೊಲೀಸರು ಮಹಜರು ಮಾಡುತ್ತಾರೆ, ಮೋಟಾರು ವಾಹನ ನಿರೀಕ್ಷಕರು ಬ್ರೇಕ್ ಪರೀಕ್ಷಿಸುತ್ತಾರೆ, ಸಂಸ್ಥೆ ವಿಚಾರಣೆ ನಡೆಸುತ್ತದೆ. ಸ್ಟೇರಿಂಗ್ ಹಿಡಿದಿದ್ದವನಿಗೆ ರಾತ್ರಿ ನಿದ್ದೆ ಬರುತ್ತಿದೆಯೇ ಎಂದು ಮಾತ್ರ ಯಾರೂ ಕೇಳುವುದಿಲ್ಲ. ನಾನು ನಿವೃತ್ತ ಬಸ್ ಚಾಲಕ. ನನ್ನ ಬಸ್ಸಿಗೆ ಅಡ್ಡ ಬಂದ ಬೈಕ್ ಸವಾರನೊಬ್ಬ ತೀರಿಕೊಂಡ. ತಪ್ಪು ನನ್ನದಲ್ಲವೆಂದು ತೀರ್ಮಾನವಾಯಿತು. ಆದರೂ ಕೆಂಪು ಹೆಲ್ಮೆಟ್ ಕಂಡರೆ ಸಾಕು, ಕಾಲು ತಾನಾಗಿ ಬ್ರೇಕ್ ಒತ್ತುತ್ತಿತ್ತು. ಕಂಡಕ್ಟರು ‘ಹೋಗ್ಲಿ ಬಿಡಣ್ಣ’ ಅಂದರು. ಹರಕೆಯನ್ನೂ ತೀರಿಸಿ ಬಂದೆ. ಏನೂ ಹೋಗಲಿಲ್ಲ.

ಕೊನೆಗೆ ಮಗಳು ಮನಶ್ಶಾಸ್ತ್ರಜ್ಞೆಯೊಬ್ಬರ ಬಳಿ ಕರೆದೊಯ್ದಳು. ಅವರು ಕೊಟ್ಟದ್ದು ಇಎಂಡಿಆರ್ ಎಂಬ ಚಿಕಿತ್ಸೆ. ಮೊದಮೊದಲು ಅಪಘಾತದ ಸುದ್ದಿಯನ್ನೇ ಎತ್ತಲಿಲ್ಲ; ಎದೆ ಹೊಡೆದುಕೊಂಡಾಗ ಸಾವರಿಸಿಕೊಳ್ಳುವುದನ್ನು ಕಲಿಸಿದರು. ಆಮೇಲೆ, ಕಾಡುವ ಒಂದೇ ದೃಶ್ಯವನ್ನು ನೆನೆಯಲು ಹೇಳಿದರು. ಸಂಕಟ ಸೊನ್ನೆಯಿಂದ ಹತ್ತರೊಳಗೆ ಎಷ್ಟು ಎಂದರು. ‘ಹತ್ತು’ ಅಂದೆ. ಎಡಕ್ಕೂ ಬಲಕ್ಕೂ ಆಡುವ ಅವರ ಬೆರಳನ್ನು ಕಣ್ಣು ಹಿಂಬಾಲಿಸಬೇಕು. ನಿಲ್ಲಿಸಿ, ‘ಈಗ ಏನು ಬಂತು?’ ಎನ್ನುತ್ತಾರೆ. ಮತ್ತೆ ಶುರು. ವಾರಗಳು ಕಳೆದಂತೆ ಆ ದೃಶ್ಯ ಉಳಿಯಿತು, ಅದರ ಏಟು ಇಳಿಯಿತು. ‘ನಾನೇ ಕೊಂದೆ’ ಎನ್ನುತ್ತಿದ್ದವನು ‘ನನ್ನ ಕೈಲಾದದ್ದು ಮಾಡಿದೆ’ ಎನ್ನುವಂತಾದೆ.

ಇದು ಮಂತ್ರವಲ್ಲ. ಅಮೆರಿಕದ ಫ್ರಾನ್ಸೀನ್ ಶಪೀರೊ 1987ರಲ್ಲಿ ಆರಂಭಿಸಿದ ಈ ವಿಧಾನದಲ್ಲಿ ಎಂಟು ಹಂತಗಳಿವೆ. ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲಿ ಇದನ್ನು ಶಿಫಾರಸು ಮಾಡಿತು. ಕಣ್ಣಾಡಿಸುತ್ತಲೇ ನೆನೆಯುವಾಗ ಮೆದುಳಿನ ಗಮನ ಹಂಚಿಹೋಗಿ ನೆನಪಿನ ತೀವ್ರತೆ ತಗ್ಗುತ್ತದೆ ಎಂದು ಕೆಲವು ಸಂಶೋಧಕರು ಹೇಳುತ್ತಾರೆ. ಕಣ್ಣಿನ ಚಲನೆಯೇ ಬೇಕಿಲ್ಲ, ಧೈರ್ಯವಾಗಿ ನೆನೆಯುವುದೇ ಮದ್ದು ಎನ್ನುವವರೂ ಇದ್ದಾರೆ. ಆ ಜಗಳ ವಿಜ್ಞಾನಿಗಳಿಗಿರಲಿ. ಗುಣವಾಗುತ್ತದೆ ಎಂಬುದಕ್ಕೆ ಅಧ್ಯಯನಗಳ ಆಧಾರವಿದೆ. ಆದರೆ ಯೂಟ್ಯೂಬ್ ನೋಡಿ ಮನೆಯಲ್ಲೇ ಮಾಡಿಕೊಳ್ಳಬೇಡಿ; ಕೆದಕಿದ ನೆನಪನ್ನು ಸಂಭಾಳಿಸಲು ತರಬೇತಿ ಪಡೆದವರು ಎದುರಿಗೆ ಇರಲೇಬೇಕು.

ಅಂಥವರು ನಮ್ಮ ಜಿಲ್ಲೆಗಳಲ್ಲಿ ಎಷ್ಟು ಮಂದಿಗೆ ಕೈಗೆಟುಕುತ್ತಾರೆ? ನಾನು ಖಾಸಗಿಯಾಗಿ ದುಡ್ಡು ಕೊಟ್ಟೆ. ಎಲ್ಲರಿಗೂ ಅದು ಆಗದು. ನಿಮ್ಹಾನ್ಸ್ 1980ರ ದಶಕದಲ್ಲಿ ಬಳ್ಳಾರಿಯಲ್ಲಿ ಮಾಡಿದ ಪ್ರಯೋಗವೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ದಾರಿ ತೋರಿದ ರಾಜ್ಯ ಜಿಲ್ಲಾಸ್ಪತ್ರೆಯ ಆಪ್ತಸಮಾಲೋಚಕರಿಗೆ ಇಎಂಡಿಆರ್ ತರಬೇತಿಯನ್ನೂ ಕೊಡಿಸಲಿ. ಸದ್ಯಕ್ಕೆ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಮಾತಾಡುವವರು ಸಿಗುತ್ತಾರೆ.

ಆದರೆ ಚಾಲಕ ತಾನಾಗಿ ಹೋಗುವುದಿಲ್ಲ. ‘ಅನ್‌ಫಿಟ್’ ಎಂದು ಬರೆದುಬಿಟ್ಟರೆ ಅನ್ನಕ್ಕೇ ಕಲ್ಲು. ಆದ್ದರಿಂದ ಪ್ರಾಣಹಾನಿಯಾದ ಪ್ರತಿ ಅಪಘಾತದ ನಂತರ ಸಂಸ್ಥೆಯೇ ಅವನನ್ನು ಸಂಬಳ ಸಹಿತ ರಜೆ ಕೊಟ್ಟು ಚಿಕಿತ್ಸೆಗೆ ಕಳುಹಿಸಬೇಕು. ಅಲ್ಲಿ ಅವನಾಡಿದ ಮಾತು ಗುಟ್ಟಾಗಿರಬೇಕು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಆ ಹಕ್ಕನ್ನು ಕೊಟ್ಟಿದೆ. ಪ್ರಯಾಣಿಕರ ಸುರಕ್ಷತೆಗೂ ಇದು ಬೇಕು. ಬೆದರಿದ ಮನಸ್ಸಿನವನ ಕೈಗೆ ಮರುವಾರವೇ ಐವತ್ತು ಜೀವ ಒಪ್ಪಿಸುವುದು ಯಾವ ನ್ಯಾಯ?