ಬಣ್ಣದ ಬಾಣಗಳನ್ನು ನಂಬೋ ಮೊದಲು

ಕಳೆದ ಸೆಮಿಸ್ಟರ್‌ನಲ್ಲಿ ನಮ್ಮ ಪ್ರಾಜೆಕ್ಟ್ ಪೋಸ್ಟರ್ ನೋಡಿದವರೆಲ್ಲ ‘ಸೂಪರ್’ ಅಂದ್ರು. ಲ್ಯಾಬಿನ ಫ್ಲೂಮ್‌ನಲ್ಲಿ ನೀರು ಹರಿಯೋದನ್ನ ಮೊಬೈಲಲ್ಲಿ ಶೂಟ್ ಮಾಡಿ ಪಿಐವಿ ಸಾಫ್ಟ್‌ವೇರ್‌ಗೆ ಕೊಟ್ಟಿದ್ವಿ. ಕೆಂಪು, ಹಳದಿ, ನೀಲಿ ಬಾಣಗಳು ಬಂದವು. ವೈವಾನೂ ಮುಗೀತು. ಬಾಣಗಳ ವೇಗ ಎಂಟು ಪಟ್ಟು ತಪ್ಪು ಅಂತ ಗೊತ್ತಾಗಿದ್ದು ಆಮೇಲೆ.

ಪಿಐವಿ, ಅಂದರೆ ಪಾರ್ಟಿಕಲ್ ಇಮೇಜ್ ವೆಲಾಸಿಮೆಟ್ರಿ, ಮೂಲದಲ್ಲಿ ಸರಳ. ನೀರಿನ ಜೊತೆ ಸಾಗುವ ಕಣಗಳನ್ನು ಬಿಟ್ಟು ಎರಡು ಫೋಟೊ ತೆಗೆಯಬೇಕು. ಚಿತ್ರವನ್ನು 32×32 ಪಿಕ್ಸೆಲ್‌ನಂಥ ಚೌಕಗಳಾಗಿ ಒಡೆದು, ಒಂದು ಚೌಕದ ಕಣಗಳ ಗುಂಪು ಎರಡನೇ ಫೋಟೊದಲ್ಲಿ ಎಷ್ಟು ಸರಿದಿದೆ ಅಂತ ಕ್ರಾಸ್ ಕೋರಿಲೇಶನ್‌ನಿಂದ ಹುಡುಕೋದು. ಆ ದೂರವನ್ನು ಎರಡು ಫೋಟೊಗಳ ನಡುವಿನ ಸಮಯದಿಂದ ಭಾಗಿಸಿದರೆ ವೇಗ. ಶತಮಾನದ ಹಿಂದೆ ಲುಡ್ವಿಗ್ ಪ್ರಾಂಟ್ಲ್ ಹರಿವನ್ನು ನೋಡಲು ನೀರಿಗೆ ಅಭ್ರಕದ ಪುಡಿ ಬೆರೆಸಿದ್ದರು. ನಾವು ಮಂಡಕ್ಕಿ ಉದುರಿಸಿದ್ವಿ!

ಎಡವಿದ್ದು ಸಮಯದಲ್ಲಿ. ಸ್ಲೋ ಮೋಷನ್‌ನಲ್ಲಿ ಸೆಕೆಂಡಿಗೆ 240 ಫ್ರೇಮ್ ಶೂಟ್ ಆಗಿತ್ತು. ಫೈಲ್ ಪ್ಲೇ ಆಗ್ತಿದ್ದದ್ದು 30ರಲ್ಲಿ. ನಾವು 30 ಅಂತಲೇ ಹಾಕಿದ್ವಿ. ಸೆಕೆಂಡಿಗೆ 40 ಸೆಂ.ಮೀ. ಇದ್ದ ವೇಗ 5 ಸೆಂ.ಮೀ. ಆಯ್ತು. ಸಾಫ್ಟ್‌ವೇರ್ ತುಟಿ ಬಿಚ್ಚಲಿಲ್ಲ. ಅದು ಬಿಚ್ಚೋದೂ ಇಲ್ಲ: ಕಣವೇ ಇಲ್ಲದ ಜಾಗವನ್ನೂ ಅಕ್ಕಪಕ್ಕದ ಬಾಣ ನೋಡಿ ತುಂಬಿಬಿಡುತ್ತೆ.

ನಮ್ಮ ತಪ್ಪು ನಮ್ಮದೇ. ಆದರೆ ನಾವೂ ಸೇರಿ ಯಾರೂ ಒಂದು ಸ್ಟಾಪ್‌ವಾಚ್ ಹಿಡಿಯಲಿಲ್ಲ ಅನ್ನೋದೇ ಬೇಜಾರು. ಒಂದು ಮಂಡಕ್ಕಿ ಒಂದು ಮೀಟರ್ ಸಾಗಲು ಎರಡೂವರೆ ಸೆಕೆಂಡ್ ಸಾಕಿತ್ತು. ನಮ್ಮ ಪೋಸ್ಟರ್ ಪ್ರಕಾರ 20 ಸೆಕೆಂಡ್ ಬೇಕು. ಬರಿಗಣ್ಣಿಗೇ ಕಾಣೋ ವ್ಯತ್ಯಾಸ.

‘ಮಾರ್ಕ್ಸ್ ಬಂತಲ್ಲ, ಬಿಡ್ರೋ’ ಅಂದ ಗೆಳೆಯರಿದ್ದಾರೆ. ಆದರೆ ಇದೇ ವಿಧಾನ ನದಿಗಳಲ್ಲೂ ಬಳಕೆಯಲ್ಲಿದೆ. ಪ್ರವಾಹದಲ್ಲಿ ಕರೆಂಟ್ ಮೀಟರ್ ಇಳಿಸೋಕಾಗದಾಗ, ಸೇತುವೆ ಮೇಲಿನ ಕ್ಯಾಮೆರಾ ತೇಲೋ ಕಸ, ನೊರೆ ನೋಡಿ ಮೇಲ್ಮೈ ವೇಗ ಹೇಳುತ್ತೆ. ಅದನ್ನು ಸುಮಾರು 0.85ರಿಂದ ಗುಣಿಸಿ ಸರಾಸರಿ ವೇಗ, ಅದರಿಂದ ಹರಿವಿನ ಪ್ರಮಾಣ ಲೆಕ್ಕ ಹಾಕ್ತಾರೆ. ಅಲ್ಲಿ ಎಂಟು ಪಟ್ಟು ತಪ್ಪಿದರೆ ಹೋಗೋದು ಮಾರ್ಕ್ಸ್ ಅಲ್ಲ, ಕೆಳಗಿನ ಊರು.

ಹಾಗಾಗಿ ನಮ್ಮ ಒತ್ತಾಯ ಇಷ್ಟೇ. ಪ್ರತಿ ಪಿಐವಿ ವರದಿಯಲ್ಲೂ ಒಂದು ಪುಟ ಮೀಸಲಿರಲಿ: ನಿಜವಾದ ಫ್ರೇಮ್ ರೇಟ್, ಒಂದು ಪಿಕ್ಸೆಲ್‌ಗೆ ಎಷ್ಟು ಮಿಲಿಮೀಟರ್, ಕೈಬಿಟ್ಟ ಬಾಣಗಳೆಷ್ಟು, ಜೊತೆಗೆ ಸ್ಟಾಪ್‌ವಾಚಿನ ಅಳತೆ. ನಾವು ತಿದ್ದಿದ ವರದಿಯನ್ನು ಗೈಡ್‌ಗೆ ಕೊಟ್ಟಿದ್ದೀವಿ. ಮಾರ್ಕ್ಸ್ ಕಡಿಮೆಯಾದರೆ ಆಗಲಿ. ಮುಂದಿನ ಪೋಸ್ಟರ್ ನೋಡುವಾಗ ‘ಸೂಪರ್’ ಅನ್ನೋ ಮೊದಲು ‘ಇದನ್ನ ಹೇಗೆ ಚೆಕ್ ಮಾಡಿದ್ರಿ?’ ಅಂತ ಕೇಳಿ.