ಅಡಿಕೆಯ ಊರಿನಿಂದ ಒಂದು ಬೇಡಿಕೆ

ಗಾಂಧಿ ಬಜಾರಿನಲ್ಲಿ ಎಲೆ-ಅಡಿಕೆ ಕೊಳ್ಳದೆ ಶಿವಮೊಗ್ಗದವರ ಮದುವೆ ಖರೀದಿ ಮುಗಿಯುವುದಿಲ್ಲ. ಸರಕು, ಬೆಟ್ಟೆ, ರಾಶಿ, ಗೊರಬಲು ಅಡಿಕೆಗಳ ಧಾರಣೆ ಏರಿಳಿದಂತೆ ಈ ಜಿಲ್ಲೆಯ ಎಷ್ಟೋ ಮನೆಗಳ ಓದು, ಸಾಲ, ಸಂಬಂಧಗಳೂ ಏರಿಳಿಯುತ್ತವೆ. ಹೊಗೆಸೊಪ್ಪು ಬೆರೆಸದಿದ್ದರೂ ಅಡಿಕೆ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿತು. ನಮಗೆ ರುಚಿಸದ ಮಾತು. ಆದರೆ ಬಾಯಿ ಕ್ಯಾನ್ಸರ್ ಬಗ್ಗೆ ಮೊದಲು ಬಾಯಿಬಿಡಬೇಕಾದವರು ಅಡಿಕೆಯ ಅನ್ನ ಉಂಡ ನಾವೇ.

ಕ್ಯಾನ್ಸರಿಗೆ ತಿರುಗಿದ ಕೆಟ್ಟ ಕೋಶವನ್ನು ಗುರುತಿಸಿ ಕೊಲ್ಲುವ ಟಿ-ಕೋಶಗಳು ನಮ್ಮ ಮೈಯಲ್ಲೇ ಇವೆ. ಅವು ಮಿತಿಮೀರಿ ಸ್ವಂತ ಅಂಗಗಳನ್ನೇ ಹಾಳುಗೆಡವದಂತೆ ಅವುಗಳ ಮೇಲೆ ಪಿಡಿ-1 ಎಂಬ ತಡೆಯೂ ಇದೆ. ಪಿಡಿ-ಎಲ್1 ಎಂಬ ಪ್ರೋಟೀನು ಬಂದು ತಗುಲಿದರೆ ಟಿ-ಕೋಶ ಕೈಚೆಲ್ಲುತ್ತದೆ. ಕ್ಯಾನ್ಸರ್ ಕೋಶ ಈ ಪ್ರೋಟೀನನ್ನೇ ಮೈತುಂಬ ಹೊದ್ದು ಕೂರುತ್ತದೆ. ಅದನ್ನು ಹೊದೆಯುವ ಹೊತ್ತು ನನ್ನನ್ನು ಬೆಚ್ಚಿಬೀಳಿಸಿತು. ದಾಳಿಗಿಳಿದ ಟಿ-ಕೋಶ ಇಂಟರ್‌ಫೆರಾನ್-ಗಾಮಾ ಸ್ರವಿಸುತ್ತದೆ. ಅದು ತಾಗಿದೊಡನೆ ಕ್ಯಾನ್ಸರ್ ಕೋಶದೊಳಗೆ ಪಿಡಿ-ಎಲ್1ರ ಜೀನು ಚುರುಕಾಗುತ್ತದೆ. ಹೊಡೆಯಲು ಬಂದವನ ಕೂಗೇ ಕಳ್ಳನಿಗೆ ಎಚ್ಚರಿಕೆಯಾದಂತೆ. ಹೀಗೆ ತಯಾರಾದ ಪಿಡಿ-ಎಲ್1 ಕೋಶದೊಳಗೆ ಬೇಗ ಕರಗಿಹೋಗದಂತೆ ಸಿಎಂಟಿಎಂ6 ಎಂಬ ಇನ್ನೊಂದು ಪ್ರೋಟೀನು ಕಾಯುತ್ತದೆ ಎಂಬುದು 2017ರಲ್ಲಿ ಗೊತ್ತಾಯಿತು.

ಪಿಡಿ-1 ಅನ್ನು 1992ರಲ್ಲಿ ಕಂಡುಹಿಡಿದ ಜಪಾನಿನ ತಸುಕು ಹೊಂಜೊ, ಸಿಟಿಎಲ್‌ಎ-4 ಎಂಬ ಮತ್ತೊಂದು ತಡೆಯ ಮೇಲೆ ದುಡಿದ ಅಮೆರಿಕದ ಜೇಮ್ಸ್ ಆಲಿಸನ್ ಇಬ್ಬರಿಗೂ 2018ರ ನೊಬೆಲ್ ಬಂತು. ಪಿಡಿ-1 ತಡೆಯನ್ನು ಬಿಡಿಸುವ ನಿವೊಲುಮ್ಯಾಬ್ ಔಷಧಿಯೂ ಇದೆ. ಆದರೆ ಪೂರ್ತಿ ಪ್ರಮಾಣದ ಚಿಕಿತ್ಸೆಗೆ ತೋಟ ಮಾರಿದರೂ ಸಾಲದು.

ಇಲ್ಲಿ ದಾರಿ ತೋರಿಸಿದವರು ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯ ವೈದ್ಯರು. ಎರಡು ವಾರಕ್ಕೊಮ್ಮೆ 240 ಮಿಲಿಗ್ರಾಂ ಕೊಡುವ ಔಷಧಿಯನ್ನು ಅವರು ಮೂರು ವಾರಕ್ಕೊಮ್ಮೆ 20 ಮಿಲಿಗ್ರಾಂಗೆ ಇಳಿಸಿ, ಅಗ್ಗದ ಮಾತ್ರೆಗಳ ಜೊತೆ ಕೊಟ್ಟರು. ಬಾಯಿಯೂ ಸೇರಿ ತಲೆ-ಕುತ್ತಿಗೆಯ ಕ್ಯಾನ್ಸರ್ ಮುಂದುವರಿದಿದ್ದ 151 ರೋಗಿಗಳ ಈ ಪರೀಕ್ಷೆಯ ಫಲಿತಾಂಶ 2022ರಲ್ಲಿ ಪ್ರಕಟವಾಯಿತು. ಬರೀ ಮಾತ್ರೆ ನುಂಗಿದವರಲ್ಲಿ ಒಂದು ವರ್ಷ ಬದುಕುಳಿದವರು ಶೇ. 16.3; ಔಷಧಿಯನ್ನೂ ಪಡೆದವರಲ್ಲಿ ಶೇ. 43.4. ರೋಗ ಎಲ್ಲರಲ್ಲೂ ವಾಸಿಯಾಯಿತೆಂದು ಇದರ ಅರ್ಥವಲ್ಲ. ಆದರೂ ಬಡವರ ಪಾಲಿಗೆ ಇದಕ್ಕಿಂತ ದೊಡ್ಡ ಸುದ್ದಿಯನ್ನು ಈಚೆಗೆ ನಾನು ಓದಿಲ್ಲ.

ಈ ಕಡಿಮೆ ಪ್ರಮಾಣದ ಚಿಕಿತ್ಸೆ ಮಲೆನಾಡಿನ ಸರ್ಕಾರಿ ಆಸ್ಪತ್ರೆಗಳಲ್ಲೇ, ಖರ್ಚಿಲ್ಲದೆ ಸಿಗಬೇಕು. ಶಿವಮೊಗ್ಗ, ಭದ್ರಾವತಿಯ ಜನಪ್ರತಿನಿಧಿಗಳು ಅಡಿಕೆಯ ಧಾರಣೆಗೆ ಎತ್ತುವ ದನಿಯನ್ನು ಇದಕ್ಕೂ ಎತ್ತಲಿ. ಓದುಗರಲ್ಲಿ ಒಂದು ಕೋರಿಕೆ: ಬಾಯಲ್ಲಿನ ಹುಣ್ಣು ಮೂರು ವಾರವಾದರೂ ಮಾಯದಿದ್ದರೆ, ಬಾಯಿ ಅಗಲಿಸಲು ಕಷ್ಟವಾದರೆ, ಮೆಗ್ಗಾನ್ ಆಸ್ಪತ್ರೆಗೋ ಹತ್ತಿರದ ದಂತವೈದ್ಯರಲ್ಲಿಗೋ ತಡಮಾಡದೆ ಹೋಗಿ ತೋರಿಸಿ.