ಐದಕ್ಕೇ ಕತ್ತಲಾಗುವ ದ್ವೀಪ
ಅಂಡಮಾನಿನ ಹ್ಯಾವ್‌ಲಾಕ್‌ಗೆ (2018ರಿಂದ ಅದು ಸ್ವರಾಜ್ ದ್ವೀಪ) ಸುಮ್ಮನೆ ಬಿದ್ದುಕೊಳ್ಳಲೆಂದು ಹೋಗುವವರು ಮೊದಲು ಗಡಿಯಾರದ ಜೊತೆ ರಾಜಿಯಾಗಬೇಕು. ದ್ವೀಪ ಇರುವುದು ಬೆಂಗಳೂರಿಗಿಂತ ಸುಮಾರು 15 ಡಿಗ್ರಿ ಪೂರ್ವಕ್ಕೆ, ಗಡಿಯಾರ ಮಾತ್ರ ನಮ್ಮದೇ. ಹಾಗಾಗಿ ಡಿಸೆಂಬರಿನಲ್ಲಿ ಸಂಜೆ ಐದರ ಸುಮಾರಿಗೇ ಸೂರ್ಯ ಮುಳುಗುತ್ತಾನೆ. ಉಂಡು, ಒಂದು ನಿದ್ದೆ ತೆಗೆದು ನಿಧಾನಕ್ಕೆ ರಾಧಾನಗರ ಕಡಲತೀರಕ್ಕೆ ಹೊರಟವರಿಗೆ ಸಿಗುವುದು ಬರೀ ಕತ್ತಲೆ. ಬೆಳಿಗ್ಗೆಯೇ ಹೋಗಿ. ಎತ್ತರದ ಮರಗಳ ಕಾಡು ಮರಳಿನ ಅಂಚಿಗೇ ಬಂದು ನಿಂತಿದೆ, ನೆರಳಿಗೆ ಬೇರೆ ಕೊಡೆ ಬೇಡ. ಅಲ್ಲಿ ಕೂತು ನೋಡುವುದಕ್ಕೆ, ನನ್ನ ಮಟ್ಟಿಗಂತೂ, ಸಮುದ್ರಕ್ಕಿಂತ ಸನ್ಯಾಸಿ ಏಡಿಯೇ ಚೆಂದ. ಖಾಲಿ ಚಿಪ್ಪೊಂದು ಸಿಕ್ಕರೆ ಕಾಲಿನಿಂದ ತಡವಿ, ಹೊರಳಿಸಿ, ಒಳಗೆಷ್ಟು ಜಾಗವಿದೆಯೆಂದು ಅಳೆದು, ಒಪ್ಪಿಗೆಯಾದರೆ ತಟಕ್ಕನೆ ಹಳೆಯದನ್ನು ಬಿಟ್ಟು ತನ್ನ ಮೆತ್ತನೆಯ ಹಿಂಭಾಗವನ್ನು ಹೊಸದರೊಳಗೆ ತೂರಿಸಿಬಿಡುತ್ತದೆ. ನೆನಪಿಗಿರಲಿ ಎಂದು ಚಿಪ್ಪು ಆರಿಸಿ ಚೀಲ ತುಂಬಿಕೊಳ್ಳುವವರು ಈ ಬಡಪಾಯಿಯ ಮನೆಗೇ ಕೈ ಹಾಕುತ್ತಿದ್ದಾರೆ. ಹಸಿವಾದರೆ ಗೋವಿಂದನಗರದ ಬಜಾರಿನಲ್ಲಿ ಮೀನಿನ ಸಾರು, ಅನ್ನ. ದ್ವೀಪದ ಜನರಲ್ಲಿ ಬಹುಪಾಲು ಬಂಗಾಳಿಗಳು, ಸಾಸಿವೆ ಎಣ್ಣೆಯ ಘಾಟಿಗೆ ಸಿದ್ಧರಾಗಿಯೇ ಕೂರಿ.